ಓಬರ್ನ್‌ಡಾರ್ಫ್‌ನಿಂದ ಹೊರಟ ಹಾಡು: ‘ಸೈಲೆಂಟ್ ನೈಟ್’ ಕುರಿತು ಒಂದು ಪ್ರಕರಣ ಅಧ್ಯಯನ

1854ರಲ್ಲಿ ಬರ್ಲಿನ್ನಿನ ರಾಜ ಆಸ್ಥಾನದ ವಾದ್ಯವೃಂದದವರು ಆಸ್ಟ್ರಿಯದ ಸಾಲ್ಜ್‌ಬರ್ಗ್‌ನಲ್ಲಿರುವ ಸೇಂಟ್ ಪೀಟರ್ ಮಠವನ್ನು ಒಂದು ವಿಷಯ ವಿಚಾರಿಸಿದರು. ಪ್ರಷ್ಯದ ರಾಜ ನಾಲ್ಕನೆಯ ಫ್ರೆಡ್ರಿಕ್ ವಿಲ್ಹೆಲ್ಮ್‌ಗೆ ಒಂದು ಕ್ರಿಸ್‌ಮಸ್ ಹಾಡು ಬಹಳ ಮೆಚ್ಚುಗೆಯಾಗಿತ್ತು. ಅದು ಸಂಗೀತಕಾರ ಮಿಖಾಯೆಲ್ ಹೈಡನ್ ರಚನೆ ಎಂದು ಆಸ್ಥಾನದವರ ಎಣಿಕೆ. ಹೈಡನ್ ಬಾಳಿ ಬದುಕಿದ್ದು ಸಾಲ್ಜ್‌ಬರ್ಗ್‌ನಲ್ಲೇ. ಹಾಗಾಗಿ ಮೂಲ ಹಸ್ತಪ್ರತಿ ಮಠದಲ್ಲಿ ಸಿಗಬಹುದೇ ಎಂದು ಕೇಳಿದ್ದರು.

ಮಠದಲ್ಲಿ ಹಸ್ತಪ್ರತಿ ಇರಲಿಲ್ಲ. ಆದರೆ ಅಲ್ಲಿನ ಹಾಡುವ ಹುಡುಗರಲ್ಲಿ ಫೆಲಿಕ್ಸ್ ಗ್ರೂಬರ್ ಎಂಬವನಿದ್ದ. ಆ ಹಾಡಿಗೆ ರಾಗ ಹಾಕಿದ್ದು ಅವನ ಅಪ್ಪ. ಹತ್ತಿರದ ಹಲೈನ್ ಪಟ್ಟಣದ ಚರ್ಚಿನಲ್ಲಿ ಆರ್ಗನ್ ನುಡಿಸುತ್ತ, ಗಾಯನ ವೃಂದ ನಡೆಸುತ್ತ ಇದ್ದ ಫ್ರಾನ್ಸ್ ಕ್ಸೇವರ್ ಗ್ರೂಬರ್‌ಗೆ ಆಗ 67 ವರ್ಷ. ಡಿಸೆಂಬರ್ 30ರಂದು ಅವರು ಕೂತು ಹಾಡು ಹುಟ್ಟಿದ ಸಂದರ್ಭವನ್ನು ಚಿಕ್ಕದಾಗಿ ಬರೆದು ಸಹಿ ಹಾಕಿದರು. ಈ ಪ್ರಕರಣದಲ್ಲಿ ನಮ್ಮ ಕೈಗೆ ಸಿಗುವ ಅತಿ ಮುಖ್ಯ ಸಾಕ್ಷ್ಯ ಅದೇ.

ಅದು ‘ಸ್ಟಿಲ್ಲೆ ನಾಖ್ಟ್’. ನಮಗೆ ಇಂಗ್ಲಿಷಿನಲ್ಲಿ ‘ಸೈಲೆಂಟ್ ನೈಟ್’ ಎಂದು ಪರಿಚಯ. ಇಂದು 300ಕ್ಕೂ ಹೆಚ್ಚು ಭಾಷೆ, ಉಪಭಾಷೆಗಳಲ್ಲಿ ಅದನ್ನು ಹಾಡುತ್ತಾರೆ. 1818ರಲ್ಲಿ ಒಂದು ಸಣ್ಣ ಊರಿನಲ್ಲಿ ಮೊದಲ ಸಲ ಕೇಳಿಸಿದ ಹಾಡು, 36 ವರ್ಷದೊಳಗೆ ಬೇರೊಂದು ರಾಜ್ಯದ ಅರಮನೆ ಮುಟ್ಟಿತ್ತು. ಕಟ್ಟಿದವರ ಹೆಸರು ಮಾತ್ರ ದಾರಿಯಲ್ಲೇ ಉದುರಿಹೋಗಿತ್ತು. ಹಾಡು ಉಳಿದು ಕರ್ತೃಗಳು ಮರೆಯಾದದ್ದು ಹೇಗೆ? ಇಷ್ಟು ದೂರ ಹೋಗುವ ಕಸುವು ಅದಕ್ಕೆ ಎಲ್ಲಿಂದ ಬಂತು? ಜನಪ್ರಿಯ ಉತ್ತರ ಒಂದಿದೆ: ಇಲಿ ಕಚ್ಚಿ ಕೆಟ್ಟ ಚರ್ಚಿನ ಆರ್ಗನ್, ಅದರಿಂದಾಗಿ ಗಿಟಾರ್‌ಗೆಂದು ಅವಸರದಲ್ಲಿ ಹುಟ್ಟಿದ ಹಾಡು, ಪವಾಡದಂಥ ರಾತ್ರಿ. ನನಗೆ ಆ ಉತ್ತರ ಒಪ್ಪಿಗೆಯಿಲ್ಲ. ಈ ಹಾಡನ್ನು ಉಳಿಸಿದ್ದು ಆರ್ಗನ್ ರಿಪೇರಿ ಮಾಡುವವನು, ಕೈಗವಸು ಮಾರುವವರು, ಹಳ್ಳಿಯ ಮೇಷ್ಟರು, ಒಬ್ಬ ಮುದ್ರಕ. ಜೊತೆಗೆ, ಯಾರು ಬೇಕಾದರೂ ಹೊತ್ತುಕೊಂಡು ಹೋಗಬಲ್ಲಂತೆ ಹಾಡಿನ ರಚನೆಯೇ ಇತ್ತು.

ನದಿ ಗಡಿಯಾದ ಊರು

ಹಾಡಿನ ಮಾತು ಬರೆದ ಯೋಸೆಫ್ ಮೋರ್ ಹುಟ್ಟಿದ್ದು 1792ರ ಡಿಸೆಂಬರ್ 11ರಂದು, ಸಾಲ್ಜ್‌ಬರ್ಗ್‌ನಲ್ಲಿ. ತಾಯಿ ಅನ್ನಾ ಶೊಯ್ಬರ್ ಹೆಣಿಗೆ ಕೆಲಸ ಮಾಡಿ ಹೊಟ್ಟೆ ಹೊರೆಯುತ್ತಿದ್ದ ಅವಿವಾಹಿತೆ. ತಂದೆ ಸೈನಿಕ, ಸೈನ್ಯ ಬಿಟ್ಟು ಓಡಿಹೋದವನು. ಮಗುವಿನ ದೀಕ್ಷಾಸ್ನಾನಕ್ಕೆ ಜ್ಞಾನತಂದೆಯಾಗಿ ದಾಖಲಾದದ್ದು ಊರಿನ ಮರಣದಂಡನೆ ಜಾರಿ ಮಾಡುವವನ ಹೆಸರು. ಸಮಾಜ ಹತ್ತಿರ ಬಿಟ್ಟುಕೊಳ್ಳದ ಆ ಮನುಷ್ಯ ತಾನು ಬರದೆ ಬೇರೊಬ್ಬರನ್ನು ಕಳಿಸಿದ್ದ. ಹೀಗೆ ಹುಟ್ಟಿದ ಹುಡುಗನಿಗೆ ಆ ಕಾಲದಲ್ಲಿ ಓದಿನ ದಾರಿಯೇ ಇರುತ್ತಿರಲಿಲ್ಲ. ಮಹಾದೇವಾಲಯದ ಸಂಗೀತ ನೋಡಿಕೊಳ್ಳುತ್ತಿದ್ದ ಯೊಹಾನ್ ನೆಪೊಮುಕ್ ಹೀರ್ನ್ಲೆ ಎಂಬ ಗುರು ಅವನ ದನಿ ಕೇಳಿ ಕೈಹಿಡಿದರು. ಪಾದ್ರಿಯಾಗಲು ಮದುವೆಯಾಚೆ ಹುಟ್ಟಿದವರಿಗೆ ವಿಶೇಷ ಅನುಮತಿ ಬೇಕಿತ್ತು. ಅದನ್ನೂ ಪಡೆದು 1815ರಲ್ಲಿ ಮೋರ್ ಗುರುದೀಕ್ಷೆ ಪಡೆದರು.

ಅವರು ಸಹಾಯಕ ಗುರುವಾಗಿ ಹೋದ ಮೊದಲ ಊರುಗಳಲ್ಲಿ ಮಾರಿಯಾಫಾರ್ ಒಂದು. ಬೆಟ್ಟದ ನಡುವಿನ ಹಳ್ಳಿ, ಅವರ ತಂದೆಯ ಕಡೆಯವರ ಸೀಮೆ. ಅಲ್ಲಿ 1816ರಲ್ಲಿ ಅವರು ಆರು ಚರಣಗಳ ಕವಿತೆಯೊಂದನ್ನು ಬರೆದರು. ಇಸವಿಯನ್ನು ಸ್ವಲ್ಪ ನಿಂತು ನೋಡಬೇಕು. ಹಿಂದಿನ ವರ್ಷ ಏಪ್ರಿಲ್‌ನಲ್ಲಿ ಇಂಡೋನೇಷ್ಯದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಬೂದಿ, ಗಂಧಕದ ಹೊಗೆ ಆಕಾಶವನ್ನೇ ಮುಸುಕಿತ್ತು. 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಬೆಳೆ ಕೈಕೊಟ್ಟಿತು, ರೊಟ್ಟಿಯ ಬೆಲೆ ಏರಿತು, ಬರ ಬಂತು. ನೆಪೋಲಿಯನ್ ಯುದ್ಧಗಳು ಮುಗಿದು ಒಂದೇ ವರ್ಷವಾಗಿತ್ತು. ನೂರಾರು ವರ್ಷ ಆರ್ಚ್‌ಬಿಷಪ್ಪರ ಸ್ವತಂತ್ರ ಸಂಸ್ಥಾನವಾಗಿದ್ದ ಸಾಲ್ಜ್‌ಬರ್ಗ್ ಆ ಯುದ್ಧಗಳಲ್ಲಿ ಕೈಯಿಂದ ಕೈಗೆ ಬದಲಾಗಿ, ಕೊನೆಗೆ 1816ರಲ್ಲಿ ಬವೇರಿಯದಿಂದ ಆಸ್ಟ್ರಿಯದ ಪಾಲಿಗೆ ಬಂದಿತ್ತು.

1817ರಲ್ಲಿ ಮೋರ್ ವರ್ಗವಾಗಿ ಬಂದದ್ದು ಓಬರ್ನ್‌ಡಾರ್ಫ್‌ಗೆ. ಸಾಲ್ಜಾಖ್ ನದಿಯ ದಂಡೆಯ ಊರು. ಹಲೈನ್‌ನ ಉಪ್ಪನ್ನು ದೋಣಿಯಲ್ಲಿ ಸಾಗಿಸುವುದು ಇಲ್ಲಿನವರ ಕಸುಬು. ನದಿಯಾಚೆಯ ಲೌಫನ್ ಪಟ್ಟಣಕ್ಕೆ ಇದು ಹೊರಕೇರಿಯಂತಿತ್ತು. 1816ರ ಒಪ್ಪಂದ ನದಿಯನ್ನೇ ದೇಶದ ಗಡಿ ಮಾಡಿತು. ಲೌಫನ್ ಬವೇರಿಯಕ್ಕೆ ಉಳಿಯಿತು, ಓಬರ್ನ್‌ಡಾರ್ಫ್ ಆಸ್ಟ್ರಿಯಕ್ಕೆ ಸೇರಿತು. ನೆಂಟರಿಷ್ಟರು ಆಚೆ ದಡ ಈಚೆ ದಡ ಎಂದು ಹಂಚಿಹೋದರು. ಮುಖ್ಯ ಚರ್ಚು ಆಚೆ ಉಳಿದದ್ದರಿಂದ ಈಚೆಯ ಸೇಂಟ್ ನಿಕೊಲಸ್ ಚರ್ಚನ್ನೇ ಹೊಸ ಧರ್ಮಕೇಂದ್ರ ಮಾಡಬೇಕಾಯಿತು. ದೋಣಿಗಾರರನ್ನು ಕಾಯುವ ಸಂತ ನಿಕೊಲಸ್. ಹಾಡು ಹುಟ್ಟಿದ್ದು ಹೊಟ್ಟೆಪಾಡಿನ ಈ ಜನರ ನಡುವೆ.

ಗ್ರೂಬರ್ ಅವರದೂ ಸಿರಿವಂತಿಕೆಯ ಕಥೆಯಲ್ಲ. 1787ರ ನವೆಂಬರ್ 25ರಂದು ಹೋಖ್‌ಬರ್ಗ್‌ನ ನೇಕಾರರ ಮನೆಯಲ್ಲಿ ಹುಟ್ಟಿದರು. ಮಗ ಮಗ್ಗದಲ್ಲಿ ಕೂರಬೇಕೆಂಬುದು ಅಪ್ಪನ ಆಸೆ. ಮಗನಿಗೆ ಊರ ಮೇಷ್ಟರ ಬಳಿ ಸಂಗೀತ ಕಲಿಯುವ ಹುಚ್ಚು. ಮುಂದೆ ತಾವೂ ಮೇಷ್ಟರಾಗಿ 1807ರಲ್ಲಿ ಓಬರ್ನ್‌ಡಾರ್ಫ್ ಪಕ್ಕದ ಅರ್ನ್ಸ್‌ಡಾರ್ಫ್ ಶಾಲೆಗೆ ಬಂದರು. ಸಂಬಳಕ್ಕೆ ಇನ್ನಷ್ಟು ಸೇರಲಿ ಎಂದು 1816ರಿಂದ ಓಬರ್ನ್‌ಡಾರ್ಫ್‌ನ ಚರ್ಚಿನಲ್ಲಿ ಆರ್ಗನ್ ನುಡಿಸುವ ಕೆಲಸವನ್ನೂ ಹಿಡಿದಿದ್ದರು.

1818ರ ಡಿಸೆಂಬರ್ 24

ಗ್ರೂಬರ್ 1854ರಲ್ಲಿ ಬರೆದದ್ದರ ಸಾರ ಇದು: ಆ ದಿನ ಸಹಾಯಕ ಗುರು ಮೋರ್ ಆರ್ಗನ್ ವಾದಕನ ಕೈಗೆ ಒಂದು ಕವಿತೆ ಕೊಟ್ಟರು. ಇಬ್ಬರು ಹಾಡುವಂತೆ, ವೃಂದ ಸೇರಿಕೊಳ್ಳುವಂತೆ, ಗಿಟಾರ್ ಜೊತೆಗಿರುವಂತೆ ರಾಗ ಹಾಕಿಕೊಡಿ ಎಂದು ಕೇಳಿದರು. ಸಂಜೆಯ ಹೊತ್ತಿಗೆ ಗ್ರೂಬರ್ ತಮ್ಮ ಸರಳ ರಚನೆಯನ್ನು ತಂದುಕೊಟ್ಟರು. ಆ ರಾತ್ರಿಯೇ ಅದನ್ನು ಹಾಡಿದರು, ಎಲ್ಲರೂ ಮೆಚ್ಚಿದರು. ಮೋರ್ ಮೇಲಿನ ದನಿಯಲ್ಲಿ ಹಾಡುತ್ತ ಗಿಟಾರ್ ನುಡಿಸಿದರು, ಗ್ರೂಬರ್ ಕೆಳದನಿ ಹಿಡಿದರು.

ಇದರಲ್ಲಿ ಇಲಿಯೂ ಇಲ್ಲ, ಕೆಟ್ಟುಹೋದ ಆರ್ಗನ್ನೂ ಇಲ್ಲ. ಆರ್ಗನ್ ಹಳೆಯದಾಗಿತ್ತು, ಅದರ ಸ್ಥಿತಿ ಚೆನ್ನಾಗಿರಲಿಲ್ಲ, ಕೆಲವೇ ವರ್ಷಗಳಲ್ಲಿ ಹೊಸದನ್ನು ಕಟ್ಟಿಸಬೇಕಾಯಿತು ಎಂಬುದು ನಿಜ. ಆದರೆ ಇಲಿ ತಿದಿಯನ್ನು ಕಚ್ಚಿದ್ದರಿಂದ ಗಿಟಾರ್ ಹಿಡಿಯಬೇಕಾಯಿತು ಎಂಬುದು ಎಷ್ಟೋ ಕಾಲದ ಮೇಲೆ ಕಥೆಗಾರರು ಸೇರಿಸಿದ್ದು. ಮಕ್ಕಳಿಗೆ ಹೇಳಲು ಸೊಗಸಾಗಿದೆ, ನಿಜ. ಆದರೂ ಈ ಕಥೆ ಮೋರ್ ಅವರಿಗೆ ಅನ್ಯಾಯ ಮಾಡುತ್ತದೆ ಎಂದೇ ನನ್ನ ಭಾವನೆ. ಗಿಟಾರ್ ಬೇಕೆಂದು ಕೇಳಿದ್ದು ಅವರೇ. ಅವರು ಗಿಟಾರ್ ನುಡಿಸುತ್ತಿದ್ದರು, ಜನರ ನಡುವೆ ಕೂತು ಹಾಡುತ್ತಿದ್ದರು. ಮೇಲಿನ ಗುರುಗಳಾಗಿದ್ದ ನೋಸ್ಟ್ಲರ್ ಅವರಿಗೆ ಇದು ಹಿಡಿಸದೆ, ಈತ ಗಂಭೀರನಲ್ಲ, ಭಕ್ತಿ ಹುಟ್ಟಿಸದ ಹಾಡು ಹಾಡುತ್ತಾನೆ ಎಂದು ಮೇಲಕ್ಕೆ ದೂರು ಬರೆದಿದ್ದರು. ಆಲಯದ ಎತ್ತರದ ಗ್ಯಾಲರಿಯಿಂದ ಕೇಳಿಬರುವ ಆರ್ಗನ್ ಬೇರೆ, ಗೋದಲಿಯ ಪಕ್ಕದಲ್ಲೇ ನಿಂತು ಮೀಟುವ ಗಿಟಾರ್ ಬೇರೆ. ಆ ಆಯ್ಕೆ ಮೋರ್ ಅವರ ಸ್ವಭಾವದಿಂದಲೇ ಬಂದದ್ದು.

ಕವಿತೆ ಜರ್ಮನ್ ಭಾಷೆಯಲ್ಲಿತ್ತು ಎಂಬುದೂ ಸುಮ್ಮನೆ ಆದದ್ದಲ್ಲ. ಬಲಿಪೂಜೆ ಲ್ಯಾಟಿನ್ನಿನಲ್ಲೇ ನಡೆಯುತ್ತಿದ್ದ ಕಾಲ ಅದು. ಆದರೆ ಸಾಲ್ಜ್‌ಬರ್ಗ್‌ನ ಆರ್ಚ್‌ಬಿಷಪ್ ಕೊಲೊರೆಡೊ 1782ರಲ್ಲೇ ಸುತ್ತೋಲೆ ಹೊರಡಿಸಿ, ಜನ ತಮ್ಮ ಮಾತಿನಲ್ಲಿ ಹಾಡಲಿ ಎಂದಿದ್ದರು. ಮೋರ್ ಬೆಳೆದದ್ದು ಆ ಗಾಳಿಯಲ್ಲಿ.

ಹಾರ್ಮೋನಿಯಂ ಮೇಲೆ ನುಡಿಸಿ ನೋಡಿದರೆ

ಹಾಡು ಇಷ್ಟು ಸುಲಭವಾಗಿ ಏಕೆ ನಾಲಗೆಗೆ ಹತ್ತುತ್ತದೆ ಎಂಬುದನ್ನು ಮಾತಿಗಿಂತ ಸ್ವರಗಳೇ ಚೆನ್ನಾಗಿ ಹೇಳುತ್ತವೆ. ನಮ್ಮ ಲೆಕ್ಕದಲ್ಲಿ ಇದು ಶಂಕರಾಭರಣದ ಸ್ವರಗಳು, ತಿಶ್ರದ ನಡೆ. ಇಂದು ಎಲ್ಲರೂ ಹಾಡುವ ರೂಪ ಹೀಗೆ ಶುರುವಾಗುತ್ತದೆ: ಪ ದ ಪ ಗ, ಮತ್ತೆ ಪ ದ ಪ ಗ. ಮೂರೇ ಸ್ವರ, ಅದೇ ತೂಗಾಟ ಎರಡು ಸಲ. ಇಲ್ಲಿಗೇ ಕೇಳುವವರು ಅರ್ಧ ಕಲಿತಂತಾಯಿತು. ಆಮೇಲೆ ದನಿ ಮೇಲಕ್ಕೆ ಹಾರಿ ತಾರ ಸ್ಥಾಯಿಯ ರಿ ರಿ, ಅಲ್ಲಿಂದ ನಿ. ಮತ್ತೆ ತಾರ ಸ ಸ, ಅಲ್ಲಿಂದ ಪ. ನಡುವಿನ ಸಾಲು ದ ದ ಸ ನಿ ದ ಎಂದು ಏರಿ ಇಳಿದು, ಮೊದಲಿನ ಪ ದ ಪ ಗಕ್ಕೆ ಮನೆಗೆ ಬಂದಂತೆ ಬರುತ್ತದೆ. ಆ ಸಾಲು ಪೂರ್ತಿ ಇನ್ನೊಮ್ಮೆ ಬರುತ್ತದೆ.

ಇಲ್ಲಿಯವರೆಗೆ ಎಂಟು ಅಳತೆ (ತಾಳದ ಒಂದು ಸುತ್ತಿನಂಥ ಭಾಗ, ಇಂಗ್ಲಿಷಿನ ‘ಬಾರ್’) ಮುಗಿಯಿತು. ಆದರೂ ಮಧ್ಯಮ ಒಂದು ಸಲವೂ ಬಂದಿಲ್ಲ. ಒಂಬತ್ತನೆಯ ಅಳತೆಯಲ್ಲಿ ತಾರ ಸ್ಥಾಯಿಯಲ್ಲಿ ರಿ ರಿ ಮ ರಿ ನಿ, ಆಮೇಲೆ ಸ ಗ. ಆ ಮಧ್ಯಮವೇ ಇಡೀ ಹಾಡಿನ ಅತಿ ಎತ್ತರದ ಸ್ವರ. ಅಷ್ಟು ಹೊತ್ತು ಕೂಡಿಟ್ಟ ಸ್ವರವನ್ನು ಶಿಖರದಲ್ಲಿ ಇಟ್ಟಿರುವುದರಿಂದ, ಅಲ್ಲಿಗೆ ಬಂದಾಗ ಎದೆ ತುಂಬಿ ಬರುವುದು ಸಹಜ. ಆಮೇಲೆ ಸ ಪ ಗ ಪ ಮ ರಿ ಎಂದು ತೂಗುತ್ತ ಇಳಿದು ಮಧ್ಯ ಸ್ಥಾಯಿಯ ಷಡ್ಜಕ್ಕೆ ಬಂದು ನಿಲ್ಲುತ್ತದೆ. ಆ ಷಡ್ಜವೂ ಹಾಡಿನಲ್ಲಿ ಅದೇ ಮೊದಲು, ಅದೇ ಕೊನೆ. ಒಟ್ಟು ಹನ್ನೆರಡು ಅಳತೆ. ಗಿಟಾರ್‌ನಲ್ಲಿ ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಬಂದರೆ ಸಾಕು, ಇಡೀ ಹಾಡನ್ನು ನಡೆಸಬಹುದು. ಗ್ರೂಬರ್ ದಿನವೂ ಹಳ್ಳಿಯ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದ ಮೇಷ್ಟರು. ಯಾವ ಗಂಟಲಿಗೆ ಏನು ದಕ್ಕುತ್ತದೆ, ಯಾವುದನ್ನು ಎಷ್ಟು ಸಲ ಹೇಳಿದರೆ ನೆನಪಿನಲ್ಲಿ ನಿಲ್ಲುತ್ತದೆ ಎಂಬ ಅರಿವು ಈ ಹನ್ನೆರಡು ಅಳತೆಯಲ್ಲಿ ಎದ್ದು ಕಾಣುತ್ತದೆ. ಇದನ್ನು ಅವಸರದ ಕೂಸು ಎನ್ನುವವರಿಗೆ ಮೇಷ್ಟರ ಅನುಭವ ಎಷ್ಟು ದೊಡ್ಡದೆಂದು ಗೊತ್ತಿಲ್ಲ.

ಎರಡನೆಯ ದನಿ ಮೊದಲನೆಯದರ ಜೊತೆಜೊತೆಗೇ, ಸ್ವಲ್ಪ ಕೆಳಗೆ ಸಾಗುತ್ತದೆ. ಆಲ್ಪ್ಸ್ ಬೆಟ್ಟದ ಜನರ ಜಾನಪದ ಹಾಡುಗಾರಿಕೆಯ ರೀತಿಯೇ ಅದು. ಮುಂದೆ ಈ ಹಾಡನ್ನು ಬೆಟ್ಟದ ಗಾಯಕರು ತಮ್ಮದೇ ಎಂಬಂತೆ ಎತ್ತಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಹೊತ್ತುಕೊಂಡು ಹೋದವರು

ಕಾರ್ಲ್ ಮೌರಾಖರ್ ಆರ್ಗನ್ ಕಟ್ಟುವ ಕುಶಲಕರ್ಮಿ. ಟಿರೋಲ್ ಸೀಮೆಯ ಜಿಲ್ಲರ್‌ಟಾಲ್ ಕಣಿವೆಯ ಫ್ಯೂಗೆನ್ ಅವರ ಊರು. ಓಬರ್ನ್‌ಡಾರ್ಫ್‌ನ ಆರ್ಗನ್ ಕೆಲಸಕ್ಕೆ ಬಂದು, 1825ರಲ್ಲಿ ಅಲ್ಲಿ ಹೊಸ ಆರ್ಗನ್ ಕೂರಿಸಿದವರೂ ಅವರೇ. ಊರಿಗೆ ಹೋಗುವಾಗ ಹಾಡಿನ ಪ್ರತಿಯನ್ನೂ ಜೊತೆಗೆ ಒಯ್ದರು ಎಂಬುದು ರೂಢಿಯ ನಂಬಿಕೆ. ಗ್ರೂಬರ್ ಕೂಡ ತಮ್ಮ ಬರಹದಲ್ಲಿ, ಜಿಲ್ಲರ್‌ಟಾಲ್‌ನ ಒಬ್ಬ ಪರಿಚಿತನಿಂದ ಹಾಡು ಟಿರೋಲ್ ಸೇರಿತು ಎಂದಿದ್ದಾರೆ.

ಜಿಲ್ಲರ್‌ಟಾಲ್ ಬಡ ಕಣಿವೆ. ಚಳಿಗಾಲದಲ್ಲಿ ಹೊಲದಲ್ಲಿ ಕೆಲಸವಿರುವುದಿಲ್ಲ. ಹಾಗಾಗಿ ಅಲ್ಲಿನ ಮನೆಗಳವರು ಕೈಗವಸು, ತೊಗಲಿನ ಸಾಮಾನು ಹೊತ್ತು ಜರ್ಮನಿಯ ಸಂತೆಗಳಿಗೆ ವ್ಯಾಪಾರಕ್ಕೆ ಹೋಗುತ್ತಿದ್ದರು. ಗಿರಾಕಿಗಳನ್ನು ಕರೆಯಲು ಊರಿನ ಹಾಡು ಹಾಡುತ್ತಿದ್ದರು. ಕೈಗವಸು ಮಾರುತ್ತಿದ್ದ ಸ್ಟ್ರಾಸರ್ ಮನೆತನದ ಅಣ್ಣ ತಂಗಿಯರು 1831ರ ಕ್ರಿಸ್‌ಮಸ್ ಹೊತ್ತಿಗೆ ಲೈಪ್‌ಜಿಗ್‌ಗೆ ಬಂದಾಗ ಈ ಹಾಡನ್ನೂ ಹಾಡಿದರು. ಲೈಪ್‌ಜಿಗ್ ಎಂದರೆ ಆಗ ಸಂಗೀತ ಪ್ರಕಾಶಕರ ತವರು. ಮರುವರ್ಷ ಡಿಸೆಂಬರ್‌ನಲ್ಲಿ ಅವರ ಕಛೇರಿಯೇ ಏರ್ಪಾಡಾಯಿತು. ಅದಾದ ಮೇಲೆ ಹತ್ತಿರದ ಡ್ರೆಸ್ಡನ್‌ನಲ್ಲಿ ಫ್ರೀಸೆ ಎಂಬ ಪ್ರಕಾಶಕ ನಾಲ್ಕು ಹಾಡುಗಳ ಒಂದು ಪುಟ್ಟ ಪುಸ್ತಕ ಹೊರತಂದ. ಅಪ್ಪಟ ಟಿರೋಲ್ ಹಾಡುಗಳು ಎಂದು ಅದರ ತಲೆಬರಹ. ಸ್ಟ್ರಾಸರ್ ಮನೆಯವರ ಹೆಸರಿತ್ತು, ಮೋರ್ ಇಲ್ಲ, ಗ್ರೂಬರ್ ಇಲ್ಲ.

ಹೆಸರು ಕಳೆದುಹೋದದ್ದು ಇಲ್ಲಿ. ಇದರಲ್ಲಿ ಯಾರ ಕುತಂತ್ರವೂ ನನಗೆ ಕಾಣುವುದಿಲ್ಲ. ಜಾನಪದ ಎಂದರೆ ಆಗ ಪೇಟೆಯಲ್ಲಿ ಬೆಲೆ. ಬೆಟ್ಟದ ಉಡುಪು ತೊಟ್ಟು ಹಾಡುವವರನ್ನು ನೋಡಲು ನಗರದ ಜನ ಮುಗಿಬೀಳುತ್ತಿದ್ದ ಕಾಲ. ಹಾಡಿಗೆ ಒಬ್ಬ ಪಾದ್ರಿಯೂ ಒಬ್ಬ ಮೇಷ್ಟರೂ ಇದ್ದಾರೆ ಎಂದು ಹೇಳಿದ್ದರೆ ಆ ಅಪ್ಪಟತನದ ಆಕರ್ಷಣೆ ಕಡಿಮೆಯಾಗುತ್ತಿತ್ತು. ಹೆಸರಿಲ್ಲದ ಹಾಡನ್ನು ಯಾರು ಬೇಕಾದರೂ ತಮ್ಮದೆನ್ನಬಹುದು. ಪ್ರಷ್ಯದ ಪ್ರೊಟೆಸ್ಟಂಟ್ ಆಸ್ಥಾನ ಕೂಡ ಕ್ಯಾಥೊಲಿಕ್ ಪಾದ್ರಿಯೊಬ್ಬರ ಹಾಡನ್ನು ಮೈಮರೆತು ಕೇಳಿತು. ಇಂಥ ಒಳ್ಳೆಯ ಹಾಡು ದೊಡ್ಡವರದೇ ಆಗಿರಬೇಕು ಎಂದು ಹೈಡನ್, ಮೊಜಾರ್ಟ್, ಬೀಥೊವನ್ ಹೆಸರುಗಳು ಅಂಟಿಕೊಂಡವು. ಬಡ ಮನೆಯ ಇಬ್ಬರು ಇದನ್ನು ಮಾಡಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲವೆಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಫ್ಯೂಗೆನ್‌ನ ಇನ್ನೊಂದು ಗಾಯಕ ಮನೆತನ ರೈನರ್. ಅವರ ಮುಂದಿನ ಪೀಳಿಗೆಯ ತಂಡ ಅಮೆರಿಕಕ್ಕೆ ಹೋಗಿ, 1839ರ ಕ್ರಿಸ್‌ಮಸ್‌ನಲ್ಲಿ ನ್ಯೂಯಾರ್ಕಿನ ಟ್ರಿನಿಟಿ ಚರ್ಚಿನ ಅಂಗಳದಲ್ಲಿ ಇದನ್ನು ಜರ್ಮನ್ನಿನಲ್ಲಿ ಹಾಡಿತು ಎಂದು ಹೇಳುತ್ತಾರೆ. ಇಪ್ಪತ್ತು ವರ್ಷದ ಮೇಲೆ, 1859ರಲ್ಲಿ, ಅದೇ ಟ್ರಿನಿಟಿ ಚರ್ಚಿನಲ್ಲಿ ಸೇವೆಯಲ್ಲಿದ್ದ ಜಾನ್ ಫ್ರೀಮನ್ ಯಂಗ್ ಎಂಬ ಪಾದ್ರಿ ಮಾಡಿದ ಇಂಗ್ಲಿಷ್ ಅನುವಾದ ಪ್ರಕಟವಾಯಿತು. ಇಂದು ಜಗತ್ತಿನ ಇಂಗ್ಲಿಷ್ ಬಲ್ಲ ಜನ ಹಾಡುವುದು ಹೆಚ್ಚುಕಡಿಮೆ ಅವರ ಮಾತುಗಳನ್ನೇ.

ಮೂಲ ಪ್ರತಿ ಸಿಕ್ಕಿದ್ದು

ಗ್ರೂಬರ್ ಬರೆದುಕೊಟ್ಟ ಮೇಲೂ ಅನುಮಾನ ಪೂರ್ತಿ ಹೋಗಲಿಲ್ಲ. ಅವರ ಸ್ವಂತ ಕೈಬರಹದ ಪ್ರತಿಗಳಿದ್ದವು, ಆದರೆ ಅವು ಆಮೇಲೆ ಬರೆದವು. 1995ರಲ್ಲಿ ಮೋರ್ ಅವರ ಕೈಬರಹದ ಹಾಳೆಯೊಂದು ಬೆಳಕಿಗೆ ಬಂತು. ಬರಹ, ಕಾಗದ ಪರೀಕ್ಷಿಸಿದ ತಜ್ಞರು ಅದು 1820ರಿಂದ 1825ರ ನಡುವಿನದು ಎಂದರು. ಈಗ ಅದು ಸಾಲ್ಜ್‌ಬರ್ಗ್ ವಸ್ತುಸಂಗ್ರಹಾಲಯದಲ್ಲಿದೆ. ಎರಡು ದನಿಗಳಿಗೆ, ಗಿಟಾರ್‌ಗೆ, ಡಿ ಮೇಜರ್ ಎಂಬ ಸ್ವರಶ್ರೇಣಿಯಲ್ಲಿ ಬರೆದ ಸಂಗೀತ. ಮೇಲೆ ಬಲಕ್ಕೆ ರಾಗ ಗ್ರೂಬರ್ ಅವರದೆಂಬ ಮಾತು. ಕೆಳಗೆ ಎಡಕ್ಕೆ ಮೋರ್ ಸಹಿ, ಹುದ್ದೆ, ಇಸವಿ 1816. ಕವಿತೆ ಹಾಡಿಗಿಂತ ಎರಡು ವರ್ಷ ಹಳೆಯದು ಎಂದು ಜಗತ್ತಿಗೆ ಖಚಿತವಾದದ್ದು ಈ ಒಂದು ಸಾಲಿನಿಂದ. ಒಂದೇ ಮಧ್ಯಾಹ್ನ ಕವಿತೆಯೂ ರಾಗವೂ ಹುಟ್ಟಿತು ಎಂಬ ಕಥೆ ಅಲ್ಲಿಗೆ ಮುಗಿಯಿತು. ತನ್ನ ಹೆಸರಿನ ಜೊತೆಗೆ ಗೆಳೆಯನ ಹೆಸರನ್ನೂ ಮರೆಯದೆ ಬರೆದ ಮನುಷ್ಯನ ಮೇಲೆ ಆ ಹಾಳೆ ನೋಡಿದಾಗ ಗೌರವ ಹೆಚ್ಚುತ್ತದೆ.

ಆ ಹೊತ್ತಿಗೆ ಮೋರ್ ತೀರಿಹೋಗಿ ಸುಮಾರು ಒಂದೂವರೆ ಶತಮಾನ. 1819ರಲ್ಲೇ ಓಬರ್ನ್‌ಡಾರ್ಫ್ ಬಿಟ್ಟು ಊರಿಂದ ಊರಿಗೆ ವರ್ಗವಾಗುತ್ತ, 1837ರಲ್ಲಿ ವಾಗ್ರೈನ್ ಸೇರಿದರು. ಅಲ್ಲಿ ಬಡ ಮಕ್ಕಳಿಗಾಗಿ ಶಾಲೆ ಕಟ್ಟಿಸಿದರು. 1848ರ ಡಿಸೆಂಬರ್ 4ರಂದು ಸತ್ತಾಗ ಕೈಯಲ್ಲಿ ಕಾಸಿರಲಿಲ್ಲ. ತಮ್ಮ ಹಾಡು ಸಮುದ್ರ ದಾಟಿದ್ದು ಅವರಿಗೆ ತಿಳಿದಿತ್ತೆನ್ನಲು ಯಾವ ಆಧಾರವೂ ಇಲ್ಲ. ಅವರ ಚಿತ್ರ ಒಂದೂ ಇರಲಿಲ್ಲ. 20ನೆಯ ಶತಮಾನದಲ್ಲಿ ಸ್ಮಾರಕಕ್ಕೆ ಮುಖ ಕೆತ್ತಬೇಕಾದಾಗ ಶಿಲ್ಪಿ ಅವರ ತಲೆಬುರುಡೆಯನ್ನೇ ಗೋರಿಯಿಂದ ತೆಗೆಸಿದ. ಬುರುಡೆ ಈಗ ಓಬರ್ನ್‌ಡಾರ್ಫ್‌ನ ಸ್ಮಾರಕ ಪ್ರಾರ್ಥನಾಲಯದಲ್ಲಿದೆ, ದೇಹದ ಉಳಿದ ಭಾಗ ವಾಗ್ರೈನ್‌ನಲ್ಲಿ. ಹಾಡು ಮೊದಲು ಕೇಳಿಸಿದ ಸೇಂಟ್ ನಿಕೊಲಸ್ ಚರ್ಚು ಸಾಲ್ಜಾಖ್ ಪ್ರವಾಹಗಳಿಗೆ ಸಿಕ್ಕಿ ಹಾಳಾಗಿ, ಅದನ್ನು ಕೆಡವಿದರು. ಊರನ್ನೇ ನದಿಯ ಮೇಲ್ಭಾಗಕ್ಕೆ ಸಾಗಿಸಿದರು. ಹಳೆಯ ಜಾಗದಲ್ಲಿ 1924ರಲ್ಲಿ ಶುರುವಾದ ಪ್ರಾರ್ಥನಾಲಯದ ಕೆಲಸ ಮುಗಿದು ಪ್ರತಿಷ್ಠೆಯಾದದ್ದು 1937ರಲ್ಲಿ. ಮೋರ್ ಅವರ ಗಿಟಾರ್ ಹಲೈನ್‌ನ ವಸ್ತುಸಂಗ್ರಹಾಲಯದಲ್ಲಿದೆ.

ಬಾಳಿಕೆಯ ಕಾರಣಗಳು

ಹಾಡಿನ ರಚನೆ, ಹೊತ್ತವರ ಶ್ರಮ, ಇವೆರಡರ ಜೊತೆಗೆ ಮೂರನೆಯದೊಂದಿದೆ. ಇದಕ್ಕೆ ಯಾರೂ ಬೇಲಿ ಹಾಕಲಿಲ್ಲ. ಹಕ್ಕುಸ್ವಾಮ್ಯದ ಕಾನೂನು ಗಟ್ಟಿಯಾಗುವ ಹೊತ್ತಿಗೆ ಹಾಡು ಎಲ್ಲರ ಸ್ವತ್ತಾಗಿಬಿಟ್ಟಿತ್ತು. ಪುಸ್ತಕದಲ್ಲಿ ಸೇರಿಸಿಕೊಳ್ಳಲು, ಅನುವಾದಿಸಲು, ಗ್ರಾಮಫೋನ್ ತಟ್ಟೆ ಮಾಡಲು ಯಾರನ್ನೂ ಕೇಳಬೇಕಿರಲಿಲ್ಲ. 1935ರಲ್ಲಿ ಅಮೆರಿಕದ ಗಾಯಕ ಬಿಂಗ್ ಕ್ರಾಸ್ಬಿ ಹಾಡಿದ ಧ್ವನಿಮುದ್ರಣ ಲಕ್ಷಗಟ್ಟಲೆ ಮನೆಗಳನ್ನು ತಲುಪಿತು. 1966ರಲ್ಲಿ ಸೈಮನ್ ಮತ್ತು ಗಾರ್ಫಂಕಲ್ ಜೋಡಿ ಇದನ್ನು ಹಾಡುತ್ತ, ಹಿಂದೆ ರೇಡಿಯೊ ವಾರ್ತೆಯ ಕೊಲೆ, ಯುದ್ಧದ ಸುದ್ದಿ ಕೇಳಿಸುವಂತೆ ಮಾಡಿದರು. ಬೇರೆ ಹಳೆಯ ಕ್ರಿಸ್‌ಮಸ್ ಹಾಡುಗಳ ದಾರಿಯೂ ನೇರವಲ್ಲ. ‘ಜಿಂಗಲ್ ಬೆಲ್ಸ್’ 1857ರಲ್ಲಿ ಪ್ರಕಟವಾದಾಗ ಅದರಲ್ಲಿ ಕ್ರಿಸ್‌ಮಸ್‌ನ ಹೆಸರೇ ಇರಲಿಲ್ಲ, ಇಂದಿಗೂ ಇಲ್ಲ. ‘ಹಾರ್ಕ್ ದ ಹೆರಾಲ್ಡ್’ ಹಾಡಿನ ಈಗಿನ ರಾಗ ಮೆಂಡೆಲ್‌ಸನ್ 1840ರಲ್ಲಿ ಮುದ್ರಣದ ಜನಕ ಗುಟೆನ್‌ಬರ್ಗ್ ಉತ್ಸವಕ್ಕೆಂದು ಮಾಡಿದ್ದು.

ಆಸ್ಟ್ರಿಯದವರು ಈ ಹಾಡನ್ನು ಕಾಪಾಡಿಕೊಂಡ ರೀತಿ ನನಗೆ ಬಹಳ ಹಿಡಿಸುತ್ತದೆ. ಅಲ್ಲಿನ ಮನೆಗಳಲ್ಲಿ ಡಿಸೆಂಬರ್ 24ರ ಸಂಜೆಗೆ ಮುಂಚೆ ಇದನ್ನು ಹಾಡುವ ವಾಡಿಕೆಯಿಲ್ಲ. ಮರದ ದೀಪ ಹಚ್ಚಿ, ಮನೆಯವರೆಲ್ಲ ಸೇರಿದಾಗಲೇ ಹಾಡಬೇಕು. ನವೆಂಬರ್ ತಿಂಗಳಿಂದಲೇ ಮಾಲ್‌ಗಳಲ್ಲಿ ಕೇಳಿ ಕೇಳಿ ಸವೆದುಹೋಗುವ ಹಾಡುಗಳ ಪಾಲಿಗೆ ಈ ಸಂಯಮ ಇಲ್ಲ. 2011ರಲ್ಲಿ ಆಸ್ಟ್ರಿಯ ಇದನ್ನು ಯುನೆಸ್ಕೊ ಒಪ್ಪಂದದಡಿಯ ತನ್ನ ಅಮೂರ್ತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು.

ನಮ್ಮ ಕಡೆಗೆ ಬಂದರೆ, ಜರ್ಮನ್ ಮಾತಾಡುವ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ, ಡ್ರೆಸ್ಡನ್‌ನಲ್ಲಿ ಹಾಡು ಅಚ್ಚಾದ ಹೊತ್ತಿನಲ್ಲೇ. ಜರ್ಮನ್ ಕೀರ್ತನೆಗಳನ್ನು ಅದೇ ರಾಗಕ್ಕೆ ಕನ್ನಡದಲ್ಲಿ ಕೂರಿಸಿ ಹಾಡುವ ಪದ್ಧತಿಯನ್ನು ಬೆಳೆಸಿದವರು ಅವರು. ಇಂದು ಕರಾವಳಿಯಲ್ಲಿ, ಬೆಂಗಳೂರು ಮೈಸೂರುಗಳಲ್ಲಿ, ಕನ್ನಡದಲ್ಲೂ ಕೊಂಕಣಿಯಲ್ಲೂ ಈ ಹಾಡು ಕ್ರಿಸ್‌ಮಸ್ ರಾತ್ರಿಯ ಆರಾಧನೆಯಲ್ಲಿ ಕೇಳಿಸುತ್ತದೆ. ಮನೆಮನೆಗೆ ಹೋಗುವ ಕ್ಯಾರಲ್ ತಂಡದವರಿಗೂ ಇದು ಬಾಯಿಪಾಠ.

ಬಿಟ್ಟುಹೋದ ನಾಲ್ಕನೆಯ ಚರಣ

ಮೋರ್ ಬರೆದದ್ದು ಆರು ಚರಣ, ನಾವು ಹಾಡುವುದು ಮೂರು. ಮೊದಲನೆಯದು, ಆರನೆಯದು, ಎರಡನೆಯದು, ಈ ಕ್ರಮದಲ್ಲಿ. ಗುಂಗುರು ಕೂದಲ ಮುದ್ದು ಮಗು ಮೊದಲ ಚರಣದಲ್ಲಿದೆ. ಆರನೆಯ ಚರಣದಲ್ಲಿ ಸುದ್ದಿ ಮೊದಲು ತಲುಪುವುದು ಕುರುಬರಿಗೆ. ನಡುವಿನ ಮೂರು ಚರಣಗಳು ಪ್ರವಾಸದ ದಾರಿಯಲ್ಲಿ ಬಿದ್ದುಹೋದವು. ಸಂತೆಯಲ್ಲಿ, ಕಛೇರಿಯಲ್ಲಿ ಹಾಡುವವರಿಗೆ ಆರು ಚರಣ ಉದ್ದವಾಯಿತು ಎಂದು ನನ್ನ ಊಹೆ.

ಬಿದ್ದುಹೋದವುಗಳಲ್ಲಿ ನಾಲ್ಕನೆಯದರ ಭಾವ ಹೀಗಿದೆ: ತಂದೆಯ ಪ್ರೀತಿಯ ಎಲ್ಲ ಬಲವೂ ಈ ರಾತ್ರಿ ಹರಿದು ಬಂದಿದೆ, ಯೇಸು ಸೋದರನಾಗಿ ಲೋಕದ ಎಲ್ಲ ಜನಾಂಗಗಳನ್ನೂ ಅಪ್ಪಿಕೊಂಡಿದ್ದಾನೆ. ಇದನ್ನು ಬರೆದದ್ದು 1816ರಲ್ಲಿ, ಇಪ್ಪತ್ತಕ್ಕೂ ಹೆಚ್ಚು ವರ್ಷ ಒಬ್ಬರನ್ನೊಬ್ಬರು ಕೊಂದ ಜನಾಂಗಗಳ ನಡುವೆ ಕೂತು. ಬರೆದವನು ಸಮಾಜ ಅಪ್ಪಿಕೊಳ್ಳದೆ ದೂರವಿಟ್ಟ ತಾಯಿಯ ಮಗ. ಅದನ್ನು ಮೊದಲು ಕೇಳಿದವರ ಊರು ಗಡಿಯಿಂದ ಎರಡಾಗಿತ್ತು. ಅದರ ಅರ್ಥ ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ.

1914ರ ಕ್ರಿಸ್‌ಮಸ್ ಮುನ್ನಾದಿನ ಬೆಲ್ಜಿಯಂ, ಫ್ರಾನ್ಸ್ ರಣರಂಗದಲ್ಲಿ ಜರ್ಮನ್ ಸೈನಿಕರು ಕಂದಕಗಳಲ್ಲಿ ‘ಸ್ಟಿಲ್ಲೆ ನಾಖ್ಟ್’ ಹಾಡಿದರು. ಎದುರಿನ ಕಂದಕಗಳಿಂದ ಬ್ರಿಟಿಷರು ತಮ್ಮ ಕ್ಯಾರಲ್ ಹಾಡಿ ಉತ್ತರ ಕೊಟ್ಟರು. ಹಲವು ಕಡೆ ಎರಡೂ ಕಡೆಯವರು ಮೇಲೆದ್ದು ಬಂದು ಕೈಕುಲುಕಿದರು, ಸತ್ತವರನ್ನು ಹೂಳಿದರು, ತಂಬಾಕು ಹಂಚಿಕೊಂಡರು. ಆ ಕದನವಿರಾಮದಲ್ಲಿ ಭಾರತದ ಗಢವಾಲ್ ರೈಫಲ್ಸ್‌ನವರೂ ಇದ್ದರು. ಕದನವಿರಾಮಕ್ಕೆ ಹಾಡೇ ಕಾರಣ ಎಂದರೆ ಉತ್ಪ್ರೇಕ್ಷೆಯಾಗುತ್ತದೆ. ಆದರೆ ಎದುರಾಳಿಯ ದನಿಯಲ್ಲಿ ತನ್ನ ಮನೆಯ ರಾಗ ಕೇಳಿಸಿದ್ದು ಆ ರಾತ್ರಿಯ ಬಗ್ಗೆ ಸೈನಿಕರು ಮನೆಗೆ ಬರೆದ ಕಾಗದಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಗಾಯನ ವೃಂದ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಈ ಡಿಸೆಂಬರ್‌ನಲ್ಲಿ ನಾಲ್ಕನೆಯ ಚರಣವನ್ನು ಕನ್ನಡಕ್ಕೆ ತಂದು ಸೇರಿಸಿ. ರಾಗ ಅದೇ, ಹೊಸದಾಗಿ ಕಲಿಸಬೇಕಾದ ಸ್ವರ ಒಂದೂ ಇಲ್ಲ. ಮೊದಲನೆಯದಾದ ಮೇಲೆ ಅದನ್ನಿಟ್ಟರೆ ಒಂದು ನಿಮಿಷ ಹೆಚ್ಚಾಗಬಹುದು ಅಷ್ಟೆ. ಕೀಬೋರ್ಡ್ ಬೇಡ, ಡ್ರಮ್ಸ್ ಬೇಡ. ಒಂದು ಗಿಟಾರ್, ಡಿ ಮೇಜರ್, ಮೇಲೊಂದು ದನಿ, ಕೆಳಗೊಂದು ದನಿ, ಕೊನೆಯ ಎರಡು ಸಾಲಿಗೆ ಎಲ್ಲರೂ ಸೇರಿಕೊಳ್ಳಲಿ. ಮೋರ್ ಕೇಳಿದ್ದು, ಗ್ರೂಬರ್ ಬರೆದುಕೊಟ್ಟದ್ದು ಇಷ್ಟನ್ನೇ.